ಗಣಕಯಂತ್ರದ ಪರದೆಯಲ್ಲಿ ವಿಕಾರ ವರ್ಣಗಳು: ದೋಷದ ನೆಲೆಯನ್ನು ಗುರುತಿಸುವ ಕ್ರಮ

ಗಣಕಯಂತ್ರದ ಪರದೆಯು ಒಂದು ದಿನ ಇದ್ದಕ್ಕಿದ್ದಂತೆ ಹಳದಿಗೆ ತಿರುಗಬಹುದು. ಅಕ್ಷರಗಳ ನಡುವೆ ಬಣ್ಣದ ಚುಕ್ಕೆಗಳು ಮಿನುಗಬಹುದು, ಅಥವಾ ಪರದೆಯ ಮೇಲಿನಿಂದ ಕೆಳಗಿನವರೆಗೆ ಹಸಿರು ಗೆರೆಯೊಂದು ನಿಂತುಬಿಡಬಹುದು. ಇಂತಹ ಸಂದರ್ಭದಲ್ಲಿ ಮಾನಿಟರ್ ಕೆಟ್ಟಿದೆಯೆಂದು ತೀರ್ಮಾನಿಸಿ ಹೊಸದನ್ನು ಕೊಳ್ಳಲು ಹೊರಡುವವರು ಅನೇಕರು. ಆದರೆ ವಿಕಾರವು ಕಾಣಿಸುವ ಸ್ಥಳವೂ ದೋಷವು ಇರುವ ಸ್ಥಳವೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಸಡಿಲಗೊಂಡ ಕೇಬಲ್‌ನಿಂದ ಅಥವಾ ಬದಲಾದ ಒಂದು ಹೊಂದಾಣಿಕೆಯಿಂದ ಉಂಟಾದ ತೊಂದರೆಗೆ ಖರ್ಚಿಲ್ಲದ ಪರಿಹಾರವಿದೆ. ದೋಷವು ಯಂತ್ರದ ಒಳಗಿದ್ದರೆ ಹೊಸ ಮಾನಿಟರ್ ಕೊಂಡರೂ ಅದೇ ವಿಕಾರ ಮತ್ತೆ ಕಾಣಿಸುತ್ತದೆ, ಕೊಟ್ಟ ಹಣ ವ್ಯರ್ಥವಾಗುತ್ತದೆ. ಆದುದರಿಂದ ದುರಸ್ತಿಗೆ ಮೊದಲು ದೋಷದ ನೆಲೆಯನ್ನು ಗೊತ್ತುಪಡಿಸಿಕೊಳ್ಳುವುದು ಅವಶ್ಯಕ. ಇದಕ್ಕೆ ವಿಶೇಷ ಉಪಕರಣಗಳು ಬೇಕಿಲ್ಲ. ಕ್ರಮಬದ್ಧವಾದ ಪರಿಶೀಲನೆ ಸಾಕು.

ಪರದೆಯ ಮೇಲೆ ಬಣ್ಣ ಮೂಡುವ ಬಗೆ

ಪರದೆಯ ಚಿತ್ರವು ಪಿಕ್ಸೆಲ್ ಎಂಬ ಸೂಕ್ಷ್ಮ ಚುಕ್ಕೆಗಳಿಂದ ರಚಿತವಾಗಿದೆ. ಸಾಮಾನ್ಯ ಬಳಕೆಯ ಮಾನಿಟರೊಂದರಲ್ಲಿ ಅಡ್ಡಲಾಗಿ 1920 ಮತ್ತು ಉದ್ದಕ್ಕೆ 1080, ಅಂದರೆ ಒಟ್ಟು 20,73,600 ಪಿಕ್ಸೆಲ್‌ಗಳಿರುತ್ತವೆ. ಪ್ರತಿಯೊಂದು ಪಿಕ್ಸೆಲ್‌ನಲ್ಲಿಯೂ ಕೆಂಪು, ಹಸಿರು ಮತ್ತು ನೀಲಿ ಬಣ್ಣದ ಮೂರು ಭಾಗಗಳಿವೆ. ಒಂದೊಂದು ಬಣ್ಣಕ್ಕೂ 256 ಮಟ್ಟಗಳಿರುವುದರಿಂದ ಮೂರರ ಮಿಶ್ರಣದಿಂದ 1,67,77,216 ಛಾಯೆಗಳನ್ನು ಪಡೆಯಬಹುದು. ಮೂರೂ ಪೂರ್ಣ ಪ್ರಮಾಣದಲ್ಲಿ ಬೆಳಗಿದರೆ ಬಿಳಿ ಬಣ್ಣ, ಮೂರೂ ಆರಿದರೆ ಕಪ್ಪು.

ಚಿತ್ರವು ಪರದೆಯನ್ನು ತಲಪುವ ಮೊದಲು ನಾಲ್ಕು ಹಂತಗಳನ್ನು ದಾಟುತ್ತದೆ. ಏನನ್ನು ಚಿತ್ರಿಸಬೇಕೆಂಬುದನ್ನು ತಂತ್ರಾಂಶವು ನಿರ್ಧರಿಸುತ್ತದೆ. ಗ್ರಾಫಿಕ್ಸ್ ಕಾರ್ಡ್ ಅದನ್ನು ಪಿಕ್ಸೆಲ್‌ಗಳ ರೂಪಕ್ಕೆ ತಂದು ತನ್ನ ಸ್ಮೃತಿಕೋಶದಲ್ಲಿ ಇರಿಸುತ್ತದೆ. ಕೇಬಲ್ ಆ ಸಂಕೇತಗಳನ್ನು ಸಾಗಿಸುತ್ತದೆ. ಮಾನಿಟರ್ ಅವುಗಳನ್ನು ಬೆಳಕಾಗಿ ಪರಿವರ್ತಿಸುತ್ತದೆ. ಈ ಕಾರ್ಯವು ಸಾಮಾನ್ಯವಾಗಿ ಸೆಕೆಂಡಿಗೆ 60 ಬಾರಿ ನಡೆಯುತ್ತದೆ. ನಾಲ್ಕರಲ್ಲಿ ಯಾವ ಹಂತದಲ್ಲಿ ಲೋಪವಾದರೂ ಅದು ಕಾಣಿಸುವುದು ಪರದೆಯ ಮೇಲೆಯೇ. ಗೊಂದಲಕ್ಕೆ ಮೂಲ ಇದೇ.

ದೋಷವಲ್ಲದ ದೋಷಗಳು

ಮೊದಲು ಪರಿಶೀಲಿಸಬೇಕಾದುದು ಹೊಂದಾಣಿಕೆಗಳನ್ನು. ಸಂಜೆಯಾದೊಡನೆ ಪರದೆ ಹಳದಿಯಾಗಿ ಬೆಳಿಗ್ಗೆ ಸರಿಯಾಗುತ್ತಿದ್ದರೆ ಅದು ದೋಷವಲ್ಲ. ರಾತ್ರಿಯ ವೇಳೆ ನೀಲಿ ಬೆಳಕನ್ನು ತಗ್ಗಿಸುವ 'ನೈಟ್ ಲೈಟ್' ಸೌಲಭ್ಯದ ಕಾರ್ಯ ಅದು. ವಿಂಡೋಸ್ ವ್ಯವಸ್ಥೆಯಲ್ಲಿ ಈ ಸೌಲಭ್ಯವು 2017ರಿಂದ ಲಭ್ಯವಿದೆ. ಕಪ್ಪು ಬಿಳಿಯಾಗಿ, ಬಿಳಿ ಕಪ್ಪಾಗಿ ತೋರಿದರೆ, ಅಥವಾ ಎಲ್ಲವೂ ಬೂದು ಬಣ್ಣಕ್ಕೆ ತಿರುಗಿದ್ದರೆ, ದೃಷ್ಟಿದೋಷವುಳ್ಳವರ ಅನುಕೂಲಕ್ಕಾಗಿ ಒದಗಿಸಿರುವ ವರ್ಣಶೋಧಕವು ಚಾಲನೆಗೊಂಡಿರಬಹುದು. ಕೀಲಿಮಣೆಯ ಮೇಲೆ ಕೈತಪ್ಪಿ ಕೆಲವು ಕೀಲಿಗಳು ಒಟ್ಟಿಗೆ ಒತ್ತಲ್ಪಟ್ಟಾಗ ಹೀಗಾಗುವುದುಂಟು. ಚಿತ್ರವು ಮಬ್ಬಾಗಿ ತೊಳೆದಂತೆ ಕಂಡರೆ ಎಚ್‌ಡಿಆರ್ ಸೌಲಭ್ಯವನ್ನೂ ವರ್ಣವ್ಯಾಪ್ತಿಯ ಹೊಂದಾಣಿಕೆಯನ್ನೂ ನೋಡಬೇಕು. ಗ್ರಾಫಿಕ್ಸ್ ಕಾರ್ಡ್ 16ರಿಂದ 235ರವರೆಗಿನ ಮಟ್ಟಗಳನ್ನು ಮಾತ್ರ ಕಳುಹಿಸುತ್ತಿದ್ದು, ಮಾನಿಟರ್ 0ಯಿಂದ 255ರವರೆಗೆ ನಿರೀಕ್ಷಿಸುತ್ತಿದ್ದರೆ ಕಪ್ಪು ಬಣ್ಣವು ಬೂದಾಗಿ ಕಾಣುತ್ತದೆ.

ಕನ್ನಡ ಬಳಸುವವರು ಗಮನಿಸಬೇಕಾದ ಮತ್ತೊಂದು ಸಂಗತಿಯಿದೆ. ಊರಿನಿಂದ ಬಂದ ಪತ್ರವೊಂದನ್ನು ತೆರೆದಾಗ ಕನ್ನಡ ಅಕ್ಷರಗಳ ಬದಲಿಗೆ ಖಾಲಿ ಚೌಕಗಳು ಅಥವಾ ಅರ್ಥವಿಲ್ಲದ ರೋಮನ್ ಚಿಹ್ನೆಗಳು ಕಂಡರೆ ಅದು ಪರದೆಯ ದೋಷವಲ್ಲ. ಕನ್ನಡ ಅಕ್ಷರಶೈಲಿಯು ಇಲ್ಲದಿದ್ದರೆ ಚೌಕಗಳು ಮೂಡುತ್ತವೆ. ಯೂನಿಕೋಡ್‌ಗೆ ಮುಂಚಿನ ಸಂಕೇತಕ್ರಮದಲ್ಲಿ ಬರೆದ ಕಡತವನ್ನು, ಅದಕ್ಕೆ ತಕ್ಕ ಅಕ್ಷರಶೈಲಿಯಿಲ್ಲದ ಯಂತ್ರದಲ್ಲಿ ತೆರೆದರೆ ರೋಮನ್ ಚಿಹ್ನೆಗಳು ಮೂಡುತ್ತವೆ. ಅಕ್ಷರಶೈಲಿಯನ್ನು ಅಳವಡಿಸುವುದು ಅಥವಾ ಕಡತವನ್ನು ಯೂನಿಕೋಡ್‌ಗೆ ಪರಿವರ್ತಿಸುವುದು ಇದಕ್ಕೆ ಪರಿಹಾರ. ಅದೇ ರೀತಿ, ಅಕ್ಷರಗಳ ಅಂಚನ್ನು ಭೂತಗನ್ನಡಿಯಿಂದ ನೋಡಿದಾಗ ಕಾಣುವ ತೆಳುವಾದ ಕೆಂಪು ಮತ್ತು ನೀಲಿ ಅಂಚುಗಳೂ ದೋಷವಲ್ಲ. ಅಕ್ಷರಗಳು ನಯವಾಗಿ ಕಾಣಲೆಂದು ತಂತ್ರಾಂಶವು ಪಿಕ್ಸೆಲ್‌ನ ಮೂರು ಭಾಗಗಳನ್ನು ಪ್ರತ್ಯೇಕವಾಗಿ ಬಳಸುವುದರ ಪರಿಣಾಮ ಅದು.

ಕೇಬಲ್ ಮತ್ತು ಮೂರು ವರ್ಣಗಳ ಲೆಕ್ಕ

1987ರಲ್ಲಿ ಬಳಕೆಗೆ ಬಂದ ವಿಜಿಎ ಸಂಪರ್ಕವು ಹಳೆಯ ಯಂತ್ರಗಳಲ್ಲಿ ಇಂದಿಗೂ ಉಳಿದಿದೆ. ಇದರ 15 ಸೂಜಿಗಳಲ್ಲಿ ಮೊದಲನೆಯದು ಕೆಂಪು, ಎರಡನೆಯದು ಹಸಿರು, ಮೂರನೆಯದು ನೀಲಿ ಬಣ್ಣದ ಸಂಕೇತವನ್ನು ಒಯ್ಯುತ್ತದೆ. ಇವುಗಳಲ್ಲಿ ಒಂದು ಬಾಗಿದರೆ, ಮುರಿದರೆ ಅಥವಾ ತುಕ್ಕು ಹಿಡಿದರೆ ಆ ಬಣ್ಣವೊಂದು ಪರದೆಯಿಂದ ಮಾಯವಾಗುತ್ತದೆ. ಯಾವ ಬಣ್ಣ ಕಾಣೆಯಾಗಿದೆಯೆಂಬುದನ್ನು ತಿಳಿಯಲು ಬಿಳಿಯ ಪುಟವೊಂದನ್ನು ತೆರೆದು ನೋಡಿದರೆ ಸಾಕು. ಬಿಳಿಯು ಹಳದಿಯಾಗಿ ಕಂಡರೆ ನೀಲಿಯೂ, ನೇರಳೆ ಬೆರೆತ ಗುಲಾಬಿಯಾಗಿ ಕಂಡರೆ ಹಸಿರೂ, ಹಸಿರು ಬೆರೆತ ನೀಲಿಯಾಗಿ ಕಂಡರೆ ಕೆಂಪೂ ತಪ್ಪಿಹೋಗಿದೆಯೆಂದು ಅರ್ಥ. ಕೇಬಲನ್ನು ಮೆಲ್ಲನೆ ಅಲುಗಿಸಿದಾಗ ಬಣ್ಣವು ಬಂದು ಹೋಗುತ್ತಿದ್ದರೆ ದೋಷವು ಸಂಪರ್ಕದಲ್ಲಿದೆಯೆಂಬುದು ಖಚಿತ.

ಎಚ್‌ಡಿಎಂಐ, ಡಿಸ್‌ಪ್ಲೇಪೋರ್ಟ್ ಮುಂತಾದ ನಂತರದ ಸಂಪರ್ಕಗಳು ಅಂಕೀಯ ಸಂಕೇತಗಳನ್ನು ಸಾಗಿಸುತ್ತವೆ. ಇವುಗಳಲ್ಲಿ ಕೇಬಲ್ ದುರ್ಬಲವಾದಾಗ ಬಣ್ಣ ಮಾಸುವುದಿಲ್ಲ. ಬದಲಿಗೆ ಮಿನುಗುವ ಬಿಳಿ ಚುಕ್ಕೆಗಳು ಸುರಿಯುತ್ತವೆ, ಅಥವಾ ಪರದೆ ಕ್ಷಣಕಾಲ ಕಪ್ಪಾಗಿ ಮರಳುತ್ತದೆ. ಇಡೀ ಚಿತ್ರವು ಗುಲಾಬಿ ಅಥವಾ ಹಸಿರು ಬಣ್ಣಕ್ಕೆ ತಿರುಗಿದ್ದರೆ, ಗ್ರಾಫಿಕ್ಸ್ ಕಾರ್ಡ್ ಕಳುಹಿಸುವ ವರ್ಣಕ್ರಮವನ್ನು ಮಾನಿಟರ್ ಬೇರೊಂದು ಕ್ರಮವೆಂದು ಗ್ರಹಿಸಿರುವ ಸಾಧ್ಯತೆಯಿದೆ. ಎರಡನ್ನೂ ಆರಿಸಿ, ಕೇಬಲನ್ನು ಕಳಚಿ ಮತ್ತೆ ಜೋಡಿಸಿದರೆ ಇದು ಹಲವು ವೇಳೆ ಸರಿಹೋಗುತ್ತದೆ. ಮುಂಬಯಿ, ಚೆನ್ನೈಯಂತಹ ಕಡಲತೀರದ ನಗರಗಳಲ್ಲಿ ಉಪ್ಪು ಬೆರೆತ ತೇವದ ಗಾಳಿಯಿಂದ ಲೋಹದ ಸಂಪರ್ಕಗಳು ಬೇಗನೆ ಮಂಕಾಗುವುದರಿಂದ ಅಲ್ಲಿಯ ನಿವಾಸಿಗಳು ಈ ಅಂಶವನ್ನು ವಿಶೇಷವಾಗಿ ಗಮನಿಸುವುದು ಒಳ್ಳೆಯದು.

ನೆಲೆ ತಿಳಿಸುವ ನಾಲ್ಕು ಪರೀಕ್ಷೆಗಳು

ಹೊಂದಾಣಿಕೆ ಮತ್ತು ಸಂಪರ್ಕಗಳು ಸರಿಯಾಗಿದ್ದೂ ವಿಕಾರವು ಉಳಿದಿದ್ದರೆ ಈ ಕೆಳಗಿನ ಪರೀಕ್ಷೆಗಳನ್ನು ಅನುಕ್ರಮವಾಗಿ ನಡೆಸಬಹುದು.

1. ಪರದೆಯ ಪ್ರತಿ: ವಿಕಾರವು ಕಾಣುತ್ತಿರುವಾಗಲೇ ಪ್ರಿಂಟ್ ಸ್ಕ್ರೀನ್ ಕೀಲಿಯಿಂದ ಪರದೆಯ ಪ್ರತಿಯನ್ನು ತೆಗೆದು, ಆ ಕಡತವನ್ನು ಬೇರೆ ಗಣಕಯಂತ್ರದಲ್ಲಿ ಅಥವಾ ಮೊಬೈಲ್ ದೂರವಾಣಿಯಲ್ಲಿ ನೋಡಬೇಕು. ಅಲ್ಲಿಯೂ ವಿಕಾರ ಕಂಡರೆ ದೋಷವು ತಂತ್ರಾಂಶ ಅಥವಾ ಗ್ರಾಫಿಕ್ಸ್ ಭಾಗದಲ್ಲಿದೆ, ಮಾನಿಟರ್ ನಿರಪರಾಧಿ. ಪ್ರತಿಯು ಶುದ್ಧವಾಗಿದ್ದರೆ ಸಂಶಯವು ಗ್ರಾಫಿಕ್ಸ್ ಕಾರ್ಡಿನ ಹೊರದ್ವಾರ, ಕೇಬಲ್ ಮತ್ತು ಮಾನಿಟರ್‌ಗಳ ಕಡೆಗೆ ಹೊರಳುತ್ತದೆ.

2. ಮಾನಿಟರಿನ ಸ್ವಂತ ಪಟ್ಟಿ: ಮಾನಿಟರಿನ ಗುಂಡಿಯನ್ನು ಒತ್ತಿದಾಗ ಮೂಡುವ ಹೊಂದಾಣಿಕೆಯ ಪಟ್ಟಿಯು ಗಣಕಯಂತ್ರದಿಂದ ಬಂದದ್ದಲ್ಲ, ಮಾನಿಟರ್ ತಾನೇ ರಚಿಸಿದ್ದು. ಸಂಕೇತದ ಕೇಬಲನ್ನು ಕಳಚಿದಾಗ ಕಾಣುವ 'ಸಂಕೇತವಿಲ್ಲ' ಎಂಬ ಸೂಚನೆಯೂ ಅಂತಹುದೇ. ಇವೂ ವಿಕಾರವಾಗಿ ಕಂಡರೆ ದೋಷವು ಮಾನಿಟರಿನಲ್ಲಿದೆ. ಇವು ಸ್ವಚ್ಛವಾಗಿದ್ದು ಉಳಿದ ಚಿತ್ರ ಮಾತ್ರ ಕೆಟ್ಟಿದ್ದರೆ ದೋಷವನ್ನು ಮಾನಿಟರಿನ ಆಚೆಗೆ ಹುಡುಕಬೇಕು.

3. ಅದಲುಬದಲು: ನೆರೆಯವರ ಅಥವಾ ಸ್ನೇಹಿತರ ಕೇಬಲ್ ಮತ್ತು ಮಾನಿಟರನ್ನು ಒಂದೊಂದಾಗಿ ಜೋಡಿಸಿ ನೋಡಬೇಕು. ಒಮ್ಮೆಗೆ ಒಂದನ್ನು ಮಾತ್ರ ಬದಲಾಯಿಸತಕ್ಕದ್ದು. ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದು ಕಾರಣವೆಂಬುದು ತಿಳಿಯದು. ಲ್ಯಾಪ್‌ಟಾಪ್‌ಗೆ ಹೊರಗಿನ ಮಾನಿಟರ್ ಅಥವಾ ದೂರದರ್ಶನ ಪೆಟ್ಟಿಗೆಯನ್ನು ಜೋಡಿಸಿ, ಅಲ್ಲಿ ಚಿತ್ರವು ಸರಿಯಾಗಿದ್ದರೆ ಲ್ಯಾಪ್‌ಟಾಪಿನ ಫಲಕವೋ ಮಡಿಕೆಯಲ್ಲಿ ಹಾದುಹೋಗುವ ತೆಳು ಕೇಬಲೋ ಕೆಟ್ಟಿದೆಯೆಂದು ತಿಳಿಯಬೇಕು. ಮುಚ್ಚಳದ ಕೋನ ಬದಲಾದಂತೆ ವಿಕಾರವೂ ಬದಲಾದರೆ ಆ ಕೇಬಲೇ ಕಾರಣವಿರಬಹುದು.

4. ಆರಂಭದ ಪರದೆ: ಯಂತ್ರವನ್ನು ಚಾಲನೆಗೊಳಿಸಿದೊಡನೆ, ವಿಂಡೋಸ್ ಮುಂತಾದ ಕಾರ್ಯವ್ಯವಸ್ಥೆಯು ತೆರೆಯುವ ಮೊದಲೇ, ತಯಾರಕರ ಚಿಹ್ನೆಯ ಮೇಲೂ ವಿಕಾರ ಕಂಡರೆ ತಂತ್ರಾಂಶವು ಕಾರಣವಲ್ಲ. ಅನಂತರವಷ್ಟೇ ಕಂಡರೆ ಡ್ರೈವರ್ ತಂತ್ರಾಂಶವನ್ನು ಶಂಕಿಸಬಹುದು. ವಿಂಡೋಸ್‌ನಲ್ಲಿ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮತ್ತು 'ಬಿ' ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಡ್ರೈವರ್ ಹೊಸದಾಗಿ ಚಾಲನೆಗೊಳ್ಳುತ್ತದೆ. ತೊಂದರೆ ಮರುಕಳಿಸಿದರೆ ತಯಾರಕರು ಒದಗಿಸಿದ ಡ್ರೈವರನ್ನು ಮತ್ತೆ ಅಳವಡಿಸಬೇಕು. ಡ್ರೈವರ್ ನವೀಕರಣದ ಮರುದಿನವೇ ವಿಕಾರವು ಆರಂಭವಾಗಿದ್ದರೆ ಹಿಂದಿನ ಆವೃತ್ತಿಗೆ ಮರಳುವುದು ಸೂಕ್ತ.

ಉಷ್ಣ ಮತ್ತು ಗ್ರಾಫಿಕ್ಸ್ ಕಾರ್ಡ್

ಪರದೆಯ ತುಂಬ ಕ್ರಮಬದ್ಧವಾಗಿ ಹರಡಿದ ಬಣ್ಣದ ಚೌಕಗಳು, ಚದುರಂಗದ ಹಾಸಿನಂತಹ ವಿನ್ಯಾಸ, ಆಟ ಅಥವಾ ಚಲನಚಿತ್ರ ನಡೆಯುತ್ತಿರುವಾಗ ಹೆಚ್ಚಾಗುವ ಗೀರುಗಳು ಗ್ರಾಫಿಕ್ಸ್ ಕಾರ್ಡಿನ ಸ್ಮೃತಿಕೋಶ ಅಥವಾ ಸಂಸ್ಕಾರಕದ ದೋಷವನ್ನು ಸೂಚಿಸುತ್ತವೆ. ಯಂತ್ರವು ತಣ್ಣಗಿರುವಾಗ ಸರಿಯಿದ್ದು, ಬಿಸಿಯಾದ ಮೇಲೆ ವಿಕಾರ ಮೂಡಿದರೆ ಉಷ್ಣವೇ ಕಾರಣವೆನ್ನಬಹುದು. ಬಿಸಿಯಾಗುವುದು ಮತ್ತು ತಣಿಯುವುದು ಸಾವಿರಾರು ಸಲ ನಡೆದಾಗ ಚಿಪ್ಪಿನ ಕೆಳಗಿನ ಸೂಕ್ಷ್ಮ ಬೆಸುಗೆಗಳು ಹಿಗ್ಗಿ ಕುಗ್ಗಿ ಬಿರುಕು ಬಿಡುತ್ತವೆ. ಇದು ಪ್ರಸಿದ್ಧ ತಯಾರಕರ ಉತ್ಪನ್ನಗಳಲ್ಲಿಯೂ ಸಂಭವಿಸಿದೆ. ಕೆಲವು ಲ್ಯಾಪ್‌ಟಾಪ್ ಚಿಪ್ಪುಗಳಲ್ಲಿ ಇಂತಹ ದೌರ್ಬಲ್ಯ ಕಂಡುಬಂದುದರಿಂದ ಎನ್‌ವಿಡಿಯಾ ಸಂಸ್ಥೆಯು 2008ರ ಜುಲೈಯಲ್ಲಿ ದುರಸ್ತಿ ಮುಂತಾದ ವೆಚ್ಚಕ್ಕೆಂದು 15ರಿಂದ 20 ಕೋಟಿ ಡಾಲರ್‌ಗಳನ್ನು ತೆಗೆದಿರಿಸುವುದಾಗಿ ಪ್ರಕಟಿಸಿತು. ಆಪಲ್ ಸಂಸ್ಥೆಯು 2011ರಿಂದ 2013ರ ನಡುವೆ ಮಾರಾಟವಾದ ಕೆಲವು ಮ್ಯಾಕ್‌ಬುಕ್ ಪ್ರೊ ಯಂತ್ರಗಳ ಚಿತ್ರವಿಕಾರಕ್ಕಾಗಿ 2015ರ ಫೆಬ್ರವರಿಯಲ್ಲಿ ಉಚಿತ ದುರಸ್ತಿ ಯೋಜನೆಯೊಂದನ್ನು ಆರಂಭಿಸಿತು. ಆದುದರಿಂದ ದುಬಾರಿ ದುರಸ್ತಿಗೆ ಒಪ್ಪುವ ಮುನ್ನ, ತಮ್ಮ ಮಾದರಿಗೆ ತಯಾರಕರು ಇಂತಹ ಯೋಜನೆಯನ್ನು ಘೋಷಿಸಿದ್ದಾರೆಯೇ ಎಂದು ವಿಚಾರಿಸುವುದು ಲಾಭಕರ.

ದೆಹಲಿಯ ಧೂಳು ಮತ್ತು ಬೇಸಿಗೆ, ಹೈದರಾಬಾದಿನ ಏಪ್ರಿಲ್–ಮೇ ತಿಂಗಳ ಸೆಕೆ ಇವೆರಡೂ ಯಂತ್ರದ ಉಷ್ಣವನ್ನು ಏರಿಸುತ್ತವೆ. ಗಾಳಿಯಾಡುವ ಕಿಂಡಿಗಳನ್ನು ಮುಚ್ಚದಿರುವುದು, ಲ್ಯಾಪ್‌ಟಾಪನ್ನು ಹಾಸಿಗೆ ಅಥವಾ ದಿಂಬಿನ ಮೇಲಿಟ್ಟು ಬಳಸದಿರುವುದು ಮತ್ತು ಬೀಸಣಿಗೆಯ ಧೂಳನ್ನು ಆಗಾಗ ತೆಗೆಸುವುದು ಉತ್ತಮ ಮುನ್ನೆಚ್ಚರಿಕೆಗಳು. ಕೆಟ್ಟ ಕಾರ್ಡನ್ನು ಒಲೆಯಲ್ಲಿ ಬಿಸಿಮಾಡಿದರೆ ಸರಿಹೋಗುವುದೆಂಬ ಸಲಹೆಯನ್ನು ಯಾರೂ ಅನುಸರಿಸಬಾರದು. ತಾತ್ಕಾಲಿಕವಾಗಿ ಯಂತ್ರ ನಡೆದರೂ ದೋಷವು ಮರಳುತ್ತದೆ. ಕಾದ ಪ್ಲಾಸ್ಟಿಕ್ ಮತ್ತು ರಾಸಾಯನಿಕಗಳ ಹೊಗೆಯು ಆರೋಗ್ಯಕ್ಕೂ ಅಡಿಗೆಯ ಒಲೆಗೂ ಹಾನಿಕರ.

ಮಾನಿಟರಿನ ದೋಷಗಳು

ಪರದೆಯ ಒಂದೇ ಸ್ಥಳದಲ್ಲಿ ಸದಾ ನಿಲ್ಲುವ ನೇರ ಗೆರೆಯು ಸಾಮಾನ್ಯವಾಗಿ ಫಲಕದ ಅಂಚಿನ ಸಂಪರ್ಕ ಅಥವಾ ಅಲ್ಲಿಯ ಚಾಲಕ ಚಿಪ್ಪಿನ ದೋಷ. ಮನೆಯಲ್ಲಿ ಇದಕ್ಕೆ ಪರಿಹಾರವಿಲ್ಲ. ಪೆಟ್ಟು ಬಿದ್ದೆಡೆಯಿಂದ ಮಸಿ ಚೆಲ್ಲಿದಂತೆ ಹರಡುವ ಕಪ್ಪು ಕಲೆಯೂ ಅಷ್ಟೇ. ಹಳೆಯ ಕೊಳವೆ ಮಾನಿಟರ್ ಇನ್ನೂ ಬಳಕೆಯಲ್ಲಿದ್ದು, ಅದರ ಮೂಲೆಯಲ್ಲಿ ಹಸಿರು ಅಥವಾ ನೇರಳೆ ಕಲೆಯಿದ್ದರೆ ಸಮೀಪದ ಧ್ವನಿವರ್ಧಕದ ಅಯಸ್ಕಾಂತವು ಕಾರಣವಿರಬಹುದು. ಅದನ್ನು ದೂರ ಸರಿಸಿ, ಮಾನಿಟರಿನ ಪಟ್ಟಿಯಲ್ಲಿರುವ 'ಡಿಗಾಸ್' ಸೌಲಭ್ಯವನ್ನು ಬಳಸಿದರೆ ಕಲೆಯು ಮಾಯವಾಗುತ್ತದೆ. ಚಪ್ಪಟೆ ಫಲಕದ ಮಾನಿಟರುಗಳಿಗೆ ಈ ತೊಂದರೆಯಿಲ್ಲ.

ಯಾವ ಕಾರಣಕ್ಕೂ ಕೊಳವೆ ಮಾನಿಟರಿನ ಹಿಂಬದಿಯನ್ನು ಬಿಚ್ಚಬಾರದು. ಬಣ್ಣದ ಕೊಳವೆಯು 20,000 ವೋಲ್ಟ್‌ಗೂ ಮೀರಿದ ಒತ್ತಡದಲ್ಲಿ ಕೆಲಸ ಮಾಡುತ್ತದೆ. ವಿದ್ಯುತ್ ಆರಿಸಿದ ಮೇಲೂ ಅದರಲ್ಲಿ ಮಾರಕ ಪ್ರಮಾಣದ ವಿದ್ಯುತ್ತು ಉಳಿದಿರುವ ಸಂಭವವಿದೆ. ಚಪ್ಪಟೆ ಮಾನಿಟರುಗಳ ವಿದ್ಯುತ್ ಪೂರೈಕೆಯ ಭಾಗವೂ ಅಪಾಯಕಾರಿ. ಸುಟ್ಟ ವಾಸನೆ ಅಥವಾ ಹೊಗೆ ಬಂದಲ್ಲಿ ತಡಮಾಡದೆ ಗೋಡೆಯ ಸ್ವಿಚ್ಚನ್ನು ಆರಿಸತಕ್ಕದ್ದು.

ದುರಸ್ತಿಗೆ ಕೊಡುವ ಮುನ್ನ

ಪರದೆಯು ಸಂಪೂರ್ಣ ಕಪ್ಪಾದರೂ ಕಡತಗಳು ಅಳಿದುಹೋಗಿರುವುದಿಲ್ಲ; ಅವು ಹಾರ್ಡ್ ಡಿಸ್ಕಿನಲ್ಲಿ ಸುರಕ್ಷಿತವಾಗಿರುತ್ತವೆ. ಆದರೂ ಗ್ರಾಫಿಕ್ಸ್ ಭಾಗದ ದೋಷವು ದಿನೇ ದಿನೇ ಹೆಚ್ಚುವ ಸ್ವಭಾವದ್ದು. ಪರದೆಯು ಓದಲು ಸಾಧ್ಯವಿರುವಾಗಲೇ ಮಕ್ಕಳ ಅಂಕಪಟ್ಟಿ, ಲೆಕ್ಕಪತ್ರ, ಛಾಯಾಚಿತ್ರ ಮುಂತಾದವುಗಳ ನಕಲನ್ನು ಬೇರೆಡೆ ಇರಿಸಿಕೊಳ್ಳಬೇಕು. ವಿಕಾರದ ಛಾಯಾಚಿತ್ರವನ್ನೂ ನಡೆಸಿದ ಪರೀಕ್ಷೆಗಳ ಫಲಿತಾಂಶವನ್ನೂ ಬರೆದಿಟ್ಟುಕೊಂಡು ದುರಸ್ತಿಗಾರರಿಗೆ ತೋರಿಸಿದರೆ ಅನಾವಶ್ಯಕ ಬಿಡಿಭಾಗಗಳ ವೆಚ್ಚವು ತಪ್ಪುತ್ತದೆ. ಬದಲಾಯಿಸಿದ ಹಳೆಯ ಭಾಗ ಮತ್ತು ರಸೀತಿಯನ್ನು ಕೇಳಿ ಪಡೆಯುವುದು ಉಚಿತ.

ಖಾತರಿಯ ಅವಧಿಯಲ್ಲಿದ್ದ ಯಂತ್ರವನ್ನು ಸರಿಪಡಿಸಲು ಮಾರಾಟಗಾರರು ನಿರಾಕರಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆ ಮಾಡಬಹುದು. ಇಲ್ಲಿ ಕನ್ನಡದಲ್ಲಿಯೂ ದೂರು ನೀಡಲು ಅವಕಾಶವಿದೆ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಪ್ರಕಾರ ಗ್ರಾಹಕನು ತಾನು ವಾಸಿಸುವ ಅಥವಾ ಉದ್ಯೋಗ ಮಾಡುವ ಸ್ಥಳದ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಬೆಂಗಳೂರಿನಲ್ಲಿ ಕೊಂಡ ಯಂತ್ರದ ಬಗ್ಗೆ ಪುಣೆಯಲ್ಲಿ ನೆಲೆಸಿರುವವರು ಪುಣೆಯಲ್ಲಿಯೇ ಪರಿಹಾರ ಕೋರಲು ಇದರಿಂದ ಸಾಧ್ಯವಾಗಿದೆ.

ದುರಸ್ತಿಗೆ ನಿಲುಕದ ಮಾನಿಟರನ್ನು ಕಸದ ತೊಟ್ಟಿಗೆ ಎಸೆಯಬಾರದು. ಕೊಳವೆ ಮಾನಿಟರಿನ ಗಾಜಿನಲ್ಲಿ ಸೀಸವೂ, ಹಳೆಯ ಚಪ್ಪಟೆ ಮಾನಿಟರುಗಳ ದೀಪಗಳಲ್ಲಿ ಪಾದರಸವೂ ಇರುತ್ತವೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು ಇಂತಹ ವಸ್ತುಗಳ ಮರುಬಳಕೆಯ ಹೊಣೆಯನ್ನು ತಯಾರಕರಿಗೆ ವಹಿಸಿವೆ. ತಯಾರಕರ ಸಂಗ್ರಹ ಕೇಂದ್ರಕ್ಕೆ ಅಥವಾ ನೋಂದಾಯಿತ ಮರುಬಳಕೆದಾರರಿಗೆ ಅವನ್ನು ಒಪ್ಪಿಸುವುದು ಬಳಕೆದಾರರ ಕರ್ತವ್ಯ.