ನಿಮಗಿದು ಗೊತ್ತೆ? ಲೋಣಾವಳದ ಮೀನು ಕಾವೇರಿಯಲ್ಲಿ

ಕಲ್ಯಾಣ, ಡೊಂಬಿವಲಿ ಪಕ್ಕದಲ್ಲೇ ಹರಿದು ವಸಾಯಿ ಬಳಿ ಕಡಲು ಸೇರುವ ಉಲ್ಲಾಸ್ ನದಿಯಲ್ಲಿ ನಮ್ಮ ಭೀಮೆಯ ನೀರೂ ಇದೆ! ಕಲಬುರಗಿಯತ್ತ ಹೋಗಬೇಕಿದ್ದ ನೀರನ್ನು ಘಟ್ಟದ ಮೇಲೆ ಠೋಕರವಾಡಿ ಅಣೆಕಟ್ಟಿನಲ್ಲಿ ತಡೆದು, ಕರ್ಜತ್ ತಾಲ್ಲೂಕಿನ ಭಿವಪುರಿಗೆ ಇಳಿಸಿ ಟಾಟಾ ಕಂಪನಿ 1922ರಿಂದ ವಿದ್ಯುತ್ ತೆಗೆಯುತ್ತಿದೆ. ಆಮೇಲೆ ಅದು ಉಲ್ಲಾಸ್ ಪಾಲು.

ನೀರನ್ನೇನೋ ಹೀಗೆ ಘಟ್ಟ ದಾಟಿಸಬಹುದು, ಆದರೆ ಹೊಳೆ ಮೀನಿಗೆ ಘಟ್ಟದ ನೆತ್ತಿಯೇ ಗಡಿ. ಒಂದು ನದಿಯದು ಇನ್ನೊಂದಕ್ಕೆ ತಾನಾಗಿ ಹೋಗುವುದು ಬಲು ಅಪರೂಪ. ಮನುಷ್ಯ ಹೊತ್ತೊಯ್ದರೆ ಮಾತ್ರ ಬೇರೆ ಕತೆ. ಪುಣೆಯ ಮುಳಾ-ಮುಠಾ ನದಿಯಲ್ಲಿ ಕಂಡು ಕರ್ನಲ್ ಸೈಕ್ಸ್ 1839ರಲ್ಲಿ ಹೆಸರಿಟ್ಟ, ನೀಲಿ ಈಜುರೆಕ್ಕೆಯ ಮಹಸೀರ್ ಮೀನನ್ನು ಇದೇ ಟಾಟಾದವರು ಲೋಣಾವಳದಲ್ಲಿ ಮರಿ ಮಾಡಿಸಿ ಹಲವು ರಾಜ್ಯಗಳಿಗೆ ಹಂಚಿದರು. ಅದು ಕಾವೇರಿಗೂ ಬಂತು. ಉದ್ದೇಶ ಒಳ್ಳೆಯದೇ, ಫಲ ಬೇರೆಯಾಯಿತು: ಬೆನ್ನ ಮೇಲೆ ಡುಬ್ಬ, ಕಿತ್ತಳೆ ಈಜುರೆಕ್ಕೆ ಇರುವ ಕಾವೇರಿಯ ಸ್ವಂತ ಮಹಸೀರ್ ಮೂಲೆಗೆ ಸರಿಯಿತು. (ಅಣೆಕಟ್ಟು, ಸಿಡಿಮದ್ದಿನ ಬೇಟೆಯ ಪಾಲೂ ಇದರಲ್ಲಿದೆ ಅನ್ನಿ.) ಈ ಡುಬ್ಬದ ಮೀನು ‘ಟಾರ್ ರೆಮದೇವಿ’ ಎಂಬ ಪ್ರಭೇದವೆಂದು ವಿಜ್ಞಾನಿಗಳು ಖಚಿತಪಡಿಸಿದ್ದು 2018ರಲ್ಲಿ, ಜಾಗತಿಕ ಕೆಂಪು ಪಟ್ಟಿಯಲ್ಲಿ ಅದೀಗ ತೀವ್ರ ಅಳಿವಿನಂಚಿನಲ್ಲಿದೆ.