6 ಮಿಲಿಮೀಟರ್ ಸಂದು: ವಿಷ, ಬೋನು ಇಲ್ಲದೆ ಇಲಿ ದೂರ ಇಡೋದು ಹೇಗೆ?

ಹೋದ ಸೆಮಿಸ್ಟರ್‌ನಲ್ಲಿ ಒಂದು ಬೆಳಿಗ್ಗೆ ಟೀ ಇಡೋಣ ಅಂತ ಅಡುಗೆಮನೆಗೆ ಹೋದರೆ ಗ್ಯಾಸ್ ವಾಸನೆ. ಸ್ವಿಚ್ ಮುಟ್ಟದೆ ಕಿಟಕಿ ಬಾಗಿಲು ತೆಗೆದು, ರೆಗ್ಯುಲೇಟರ್ ಆಫ್ ಮಾಡಿ ನೋಡಿದರೆ ರಬ್ಬರ್ ಪೈಪಿನ ಮೇಲೆ ಸಾಲಾಗಿ ಹಲ್ಲಿನ ಗುರುತು. ಅಲ್ಲಿಯವರೆಗೆ ಇಲಿ ಅಂದರೆ ನಮಗೆ ಚಾರ್ಜರ್ ವೈರು ಕಡಿಯೋ, ಊರಿಂದ ತಂದ ಕೋಡುಬಳೆ ಕದಿಯೋ ತಮಾಷೆಯ ವಿಷಯ. ಅವತ್ತಿನಿಂದ ತಮಾಷೆ ನಿಂತಿತು.

ನಾವು ನಾಲ್ಕು ಜನ ಕಾಲೇಜಿನ ಹಿಂದಿನ ರಸ್ತೆಯ ಒಂದು ಹಳೇ ಬಾಡಿಗೆ ಮನೆಯಲ್ಲಿದ್ದೀವಿ. ಓನರ್ ಅಂಕಲ್ ಕೇಳಿದ ಕೂಡಲೇ, "ಒಂದು ಪ್ಯಾಕೆಟ್ ಇಲಿ ಪಾಷಾಣ ಇಟ್ಟುಬಿಡ್ರಪ್ಪ" ಅಂದರು. ಅದನ್ನು ಹಿಂದಿನ ವರ್ಷವೇ ಮಾಡಿದ್ವಿ. ಇಲಿ ಸತ್ತಿತು ನಿಜ, ಆದರೆ ಸಜ್ಜದ ಮೇಲೆ ಕೈಗೆ ಸಿಗದ ಮೂಲೆಯಲ್ಲಿ. ಇಂಟರ್ನಲ್ಸ್ ವಾರ ಪೂರ್ತಿ ಮೂಗು ಮುಚ್ಚಿಕೊಂಡು ಓದಿದ್ವಿ. ಎರಡೇ ತಿಂಗಳಲ್ಲಿ ಮತ್ತೆ ಸದ್ದು ಶುರು. ಈ ಸಲ ಬೇರೆ ದಾರಿ ಹಿಡಿದೆವು. ಅದನ್ನೇ ಇಲ್ಲಿ ಬರೀತಿದ್ದೀವಿ, ಪಿಜಿ, ಹಾಸ್ಟೆಲ್, ಬಾಡಿಗೆ ಮನೆ ಎಲ್ಲದಕ್ಕೂ ಅನ್ವಯಿಸುತ್ತೆ.

ಕೊಂದರೆ ಯಾಕೆ ಮುಗಿಯಲ್ಲ?

ಇಲಿಯ ಗರ್ಭಾವಧಿ ಸುಮಾರು ಮೂರು ವಾರ. ಒಂದು ಸಲಕ್ಕೆ ಆರೇಳು ಮರಿ. ಆ ಮರಿಗಳು ಎರಡು ಮೂರು ತಿಂಗಳಲ್ಲಿ ತಾವೇ ಮರಿ ಹಾಕೋಕೆ ತಯಾರು. ಮ್ಯಾಥ್ಸ್‌ನಲ್ಲಿ ಓದಿದ ಲಾಜಿಸ್ಟಿಕ್ ಸಮೀಕರಣ ನೆನಪು ಮಾಡಿಕೊಳ್ಳಿ. ಒಂದು ಜಾಗ ಎಷ್ಟು ಪ್ರಾಣಿಗಳನ್ನು ಸಾಕಬಲ್ಲದೋ ಆ ಮಿತಿಯನ್ನು 'ಕೆ' ಅಂತೀವಿ. ಸಂಖ್ಯೆ 'ಕೆ'ಯ ಅರ್ಧದಷ್ಟು ಇದ್ದಾಗ ಬೆಳವಣಿಗೆಯ ವೇಗ ಅತಿ ಹೆಚ್ಚು. ಅಂದರೆ ಅರ್ಧ ಇಲಿಗಳನ್ನು ಕೊಂದರೆ ಉಳಿದವಕ್ಕೆ ಊಟ, ಜಾಗ ಎರಡೂ ಧಾರಾಳ ಮಾಡಿಕೊಟ್ಟ ಹಾಗೆ. ನಾವು ಇಳಿಸಬೇಕಾದ್ದು ಇಲಿಗಳ ಸಂಖ್ಯೆಯನ್ನಲ್ಲ, ಆ 'ಕೆ'ಯನ್ನು. ದಾರಿ, ಊಟ, ಗೂಡು, ಈ ಮೂರನ್ನು ಕಿತ್ತುಕೊಂಡರೆ 'ಕೆ' ತಾನಾಗಿ ಇಳಿಯುತ್ತೆ.

ವಿಷಕ್ಕೆ ಇನ್ನೊಂದು ತೊಂದರೆಯೂ ಇದೆ. ಈಗ ಸಿಗುವ ಬ್ರೋಮಾಡಿಯೋಲೋನ್ ತರಹದ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡಿ ಕೆಲವು ದಿನಗಳ ಮೇಲೆ ಕೊಲ್ಲುತ್ತೆ. ಅಷ್ಟರಲ್ಲಿ ಆ ಇಲಿಯನ್ನು ತಿಂದ ಗೂಬೆ, ಬೆಕ್ಕಿಗೂ ವಿಷ ಏರಬಹುದು.

ಮೊದಲು ಯಾರು ಅಂತ ನೋಡಿ

ಸಜ್ಜ, ಮಾಡು, ಕೇಬಲ್ ಮೇಲೆ ಓಡಾಡೋದು ಸಾಮಾನ್ಯವಾಗಿ ಮನೆ ಇಲಿ. ಇದು ಪೈಪು, ಕೊಂಬೆ ಹತ್ತೋದರಲ್ಲಿ ನಿಪುಣ. ಚರಂಡಿ ಪಕ್ಕ ಮಣ್ಣು ಗುಡ್ಡೆ ಹಾಕಿ ಬಿಲ ತೋಡೋದು ಹೆಗ್ಗಣ. (ಇದರ ಇಂಗ್ಲಿಷ್ ಹೆಸರು ಬ್ಯಾಂಡಿಕೂಟ್ ಬಂದಿದ್ದು ತೆಲುಗಿನ 'ಪಂದಿಕೊಕ್ಕು' ಅನ್ನೋ ಪದದಿಂದ. ಹಂದಿ ಇಲಿ ಅಂತ ಅರ್ಥ.) ಮೂತಿ ಚೂಪಾಗಿ, ಕಣ್ಣು ಚಿಕ್ಕದಾಗಿ, ಕೆಟ್ಟ ವಾಸನೆ ಬೀರುತ್ತಾ ಕೀಚ್ ಅಂತ ಓಡೋದು ಸುಂಡಿಲಿ. ಅದು ಇಲಿ ಜಾತಿಯದ್ದೇ ಅಲ್ಲ, ಜಿರಲೆ, ಹುಳ ತಿನ್ನುತ್ತೆ. ಪಾಪ, ಬಿಟ್ಟುಬಿಡಿ.

ಇಲಿಗೆ ಬಯಲಲ್ಲಿ ಓಡೋಕೆ ಭಯ. ಗೋಡೆಗೆ ಮೈ ಒರೆಸಿಕೊಂಡೇ ಹೋಗುತ್ತೆ, ಹಾಗಾಗಿ ದಿನಾ ಓಡಾಡೋ ದಾರಿಯಲ್ಲಿ ಎಣ್ಣೆ ಜಿಡ್ಡಿನ ಕಪ್ಪು ಗೀಟು ಬೀಳುತ್ತೆ. ಕಾಣದಿದ್ದರೆ ರಾತ್ರಿ ಗೋಡೆ ಬದಿಯಲ್ಲಿ ಮುಖದ ಪೌಡರ್ ತೆಳ್ಳಗೆ ಉದುರಿಸಿ. ಬೆಳಿಗ್ಗೆ ಹೆಜ್ಜೆಗಳು ದಾರಿ ತೋರಿಸುತ್ತವೆ. ನಮ್ಮ ಮನೆಯಲ್ಲಿ ಹೆಜ್ಜೆ ನೇರವಾಗಿ ಸಿಂಕ್ ಕೆಳಗಿನ ಪೈಪಿನ ತೂತಿಗೆ ಹೋಗಿತ್ತು.

ಪೆನ್ಸಿಲ್ ಪರೀಕ್ಷೆ

ಸಣ್ಣ ಇಲಿ ನುಗ್ಗೋಕೆ 6 ಮಿಲಿಮೀಟರ್ ಸಂದು ಸಾಕು, ದೊಡ್ಡ ಇಲಿಗೆ ಸುಮಾರು 12. ಆದ್ದರಿಂದ ಒಂದು ಪೆನ್ಸಿಲ್ ಹಿಡಿದು ಮನೆ ಸುತ್ತಿ. ಪೆನ್ಸಿಲ್ ತೂರಿದರೆ ಇಲಿಯೂ ತೂರುತ್ತೆ. ಬಾಗಿಲ ಅಡಿ, ಪೈಪು ಗೋಡೆ ಸೇರೋ ಜಾಗ, ಎಕ್ಸಾಸ್ಟ್ ಫ್ಯಾನ್, ಬಚ್ಚಲ ಮೋರಿ, ಇಂಟರ್ನೆಟ್ ಕೇಬಲ್‌ಗೆ ಕೊರೆದ ತೂತು, ಒಂದನ್ನೂ ಬಿಡಬೇಡಿ. ಅಂಕಲ್ ಎದುರಿಗೇ ಒಂಬತ್ತು ಕಡೆ ಪೆನ್ಸಿಲ್ ತೂರಿಸಿ ತೋರಿಸಿದ ಮೇಲೆ ಅವರು ಸಿಮೆಂಟಿನ ಖರ್ಚು ತಾವೇ ಕೊಟ್ಟರು.

ಮುಚ್ಚೋಕೆ ಏನು ಬಳಸ್ತೀರಿ ಅನ್ನೋದು ಮುಖ್ಯ. ಇಲಿಯ ಮುಂದಿನ ಹಲ್ಲು ಬದುಕಿರೋವರೆಗೂ ಬೆಳೆಯುತ್ತಲೇ ಇರುತ್ತೆ, ಮೇಲಿನ ಪದರದಲ್ಲಿ ಕಬ್ಬಿಣದ ಅಂಶ ಇರೋದರಿಂದಲೇ ಅದಕ್ಕೆ ಕಿತ್ತಳೆ ಬಣ್ಣ. ಬಟ್ಟೆ, ಥರ್ಮೋಕೋಲ್, ಫೋಮ್, ಮರ ಎಲ್ಲವನ್ನೂ ಅದು ಕಡಿದು ಹಾಕುತ್ತೆ. ಪಾತ್ರೆ ತಿಕ್ಕೋ ಸ್ಟೀಲ್ ನಾರನ್ನು ಸಂದಿಗೆ ಬಿಗಿಯಾಗಿ ತುರುಕಿ, ಮೇಲೆ ಸಿಮೆಂಟು ಮೆತ್ತಿ. ಫ್ಯಾನಿಗೆ, ಗವಾಕ್ಷಿಗೆ 6 ಮಿಲಿಮೀಟರಿಗಿಂತ ಸಣ್ಣ ಕಣ್ಣಿನ ತಂತಿ ಜಾಲರಿ. ಬಾಗಿಲ ಅಡಿಗೆ ಲೋಹದ ಪಟ್ಟಿ.

ಒಂದು ಎಚ್ಚರಿಕೆ: ಇಲಿಯನ್ನು ಒಳಗೇ ಇಟ್ಟು ಬೀಗ ಹಾಕಬೇಡಿ. ಅದು ಒಳಗೇ ಸತ್ತರೆ ಮತ್ತೆ ಅದೇ ವಾಸನೆ. ಮುಖ್ಯ ದಾರಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ಮುಚ್ಚಿ. ಅದಕ್ಕೆ ಪೇಪರ್ ಉಂಡೆ ಸಡಿಲವಾಗಿ ಇಡಿ. ಉಂಡೆ ಅಲುಗಾಡಿದ್ದರೆ ಓಡಾಟ ಇದೆ ಅಂತ ಅರ್ಥ. ಮೂರು ನಾಲ್ಕು ರಾತ್ರಿ ಉಂಡೆ ಅಲುಗದೆ, ಮನೆಯೊಳಗೆ ಹೊಸ ಹಿಕ್ಕೆಯೂ ಕಾಣದಿದ್ದರೆ ಸಿಮೆಂಟು ಹಾಕಿ.

ಊಟ ಬಂದ್, ಗೂಡು ಬಂದ್

ಊರಿಂದ ಬಂದ ಅವಲಕ್ಕಿ, ಚಕ್ಕುಲಿ, ಶೇಂಗಾ ಚಟ್ನಿಪುಡಿ ಪ್ಲಾಸ್ಟಿಕ್ ಕವರಲ್ಲಿ ಇರಬಾರದು, ಸ್ಟೀಲ್ ಡಬ್ಬಿಗೆ ಹೋಗಬೇಕು. ರಾತ್ರಿ ತಟ್ಟೆ ತೊಳೆಯದೆ ಮಲಗೋದು, ಮಂಚದ ಕೆಳಗೆ ಬಿಸ್ಕೆಟ್ ಪ್ಯಾಕೆಟ್ ಬಿಡೋದು ನಿಲ್ಲಬೇಕು (ಇದು ನಮ್ಮಲ್ಲಿ ಸಿಮೆಂಟಿಗಿಂತ ಕಷ್ಟ ಆಯ್ತು). ಕಸದ ಬುಟ್ಟಿಗೆ ಮುಚ್ಚಳ ಇರಲಿ. ಹಳೇ ರೆಕಾರ್ಡ್ ಬುಕ್ಕು, ರಟ್ಟಿನ ಡಬ್ಬ ಇಲಿಗೆ ಹೆರಿಗೆ ಮನೆ, ಸಜ್ಜದಿಂದ ಇಳಿಸಿ ಗುಜರಿಗೆ ಹಾಕಿ. ಗ್ಯಾಸ್ ಪೈಪು ರಬ್ಬರಿನದ್ದಾಗಿದ್ದರೆ ಇವತ್ತೇ ಬದಲಿಸಿ. ಒಳಗೆ ಸ್ಟೀಲ್ ತಂತಿ ಇರುವ ಕಿತ್ತಳೆ ಬಣ್ಣದ ಪೈಪು ಗ್ಯಾಸ್ ಏಜೆನ್ಸಿಯಲ್ಲೇ ಸಿಗುತ್ತೆ.

ದುಡ್ಡು ದಂಡ ಮಾಡಬೇಡಿ

ಪ್ಲಗ್ಗಿಗೆ ಹಾಕೋ ಅಲ್ಟ್ರಾಸಾನಿಕ್ ಯಂತ್ರ ನಾವೂ ತಂದಿದ್ವಿ. 30 ಕಿಲೋಹರ್ಟ್ಸ್ ಶಬ್ದದ ತರಂಗಾಂತರ ಗಾಳಿಯಲ್ಲಿ ಸುಮಾರು 1.1 ಸೆಂಟಿಮೀಟರ್. ಅದು ಗೋಡೆ ದಾಟಲ್ಲ, ಬೀರು ಹಿಂದೆ ತಲುಪಲ್ಲ, ದೂರ ಹೋದಂತೆ ಬೇಗ ಕ್ಷೀಣಿಸುತ್ತೆ. ಕೇಳಿಸಿದರೂ ಇಲಿ ಅದಕ್ಕೆ ಒಗ್ಗಿಹೋಗುತ್ತೆ. 2001ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇಂಥ ಯಂತ್ರಗಳ 60ಕ್ಕೂ ಹೆಚ್ಚು ತಯಾರಕರು, ಮಾರಾಟಗಾರರಿಗೆ ಆಧಾರವಿಲ್ಲದ ಜಾಹೀರಾತಿನ ಬಗ್ಗೆ ಎಚ್ಚರಿಕೆ ಪತ್ರ ಬರೆದಿತ್ತು. ಕರ್ಪೂರ, ಪುದೀನ ಎಣ್ಣೆಯ ವಾಸನೆ ಆರುವವರೆಗೆ ಅಷ್ಟೇ. ಬೆಕ್ಕು? ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಕಸ ಮರುಬಳಕೆ ಘಟಕದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 79 ದಿನಗಳಲ್ಲಿ ಕ್ಯಾಮೆರಾ ಕಣ್ಣಿಗೆ ಬಿದ್ದಂತೆ ಬೀದಿ ಬೆಕ್ಕುಗಳು ಕೊಂದ ಇಲಿ ಎರಡೇ ಎರಡು.

ಗುಡಿಸೋ ಮುಂಚೆ

ಇಲಿ ಮೂತ್ರದಿಂದ ಇಲಿಜ್ವರ ಬರುತ್ತೆ. ಬ್ಯಾಕ್ಟೀರಿಯಾ ಗಾಯ, ಕಣ್ಣು, ಬಾಯಿಯ ಮೂಲಕ ಮೈಗೆ ಸೇರುತ್ತೆ. ಹಿಕ್ಕೆಯನ್ನು ಒಣಗಿದ್ದಾಗಲೇ ಪೊರಕೆ ಹಿಡಿದು ಗುಡಿಸಬೇಡಿ. ಕಿಟಕಿ ತೆಗೆದು, ಕೈಗವಸು ಹಾಕಿ, ಬ್ಲೀಚಿಂಗ್ ನೀರು ಚಿಮುಕಿಸಿ, ಹತ್ತು ನಿಮಿಷ ಬಿಟ್ಟು ಒರೆಸಿ. ಆಮೇಲೆ ಜೋರು ಜ್ವರ, ಮೈಕೈ ನೋವು ಬಂದರೆ ಮನೆಯಲ್ಲಿ ಇಲಿ ಇದ್ದದ್ದನ್ನು ಡಾಕ್ಟರಿಗೆ ಹೇಳೋದು ಮರೀಬೇಡಿ.

ನಮ್ಮದು ಎರಡು ಭಾನುವಾರದ ಕೆಲಸ. ಐದು ತಿಂಗಳಾಯ್ತು, ಒಳಗೆ ಹೊಸ ಹಿಕ್ಕೆ ಕಂಡಿಲ್ಲ. ಹೊರಗಿನ ಚರಂಡಿಯಲ್ಲಿ ಹೆಗ್ಗಣ ಇನ್ನೂ ಇದೆ, ಇರಲಿ. ಗಣಪನ ವಾಹನಕ್ಕೂ ಪಾರ್ಕಿಂಗ್ ಬೇಕಲ್ಲ, ನಮ್ಮ ಅಡುಗೆಮನೆ ಒಂದು ಬಿಟ್ಟು. ಪರೀಕ್ಷೆ ಮುಗಿಸಿ ಊರಿಗೆ ಹೊರಡೋ ಮುಂಚೆ ನೀವೂ ಒಂದು ಪೆನ್ಸಿಲ್ ಹಿಡಿದು ಕೋಣೆ ಸುತ್ತಿ ಬನ್ನಿ. ಒಂದು ತಿಂಗಳು ಖಾಲಿ ಬಿಟ್ಟ ಕೋಣೆ, ಅದರಲ್ಲಿ ಮರೆತ ಅರ್ಧ ಪ್ಯಾಕೆಟ್ ಚಕ್ಕುಲಿ, ಇಲಿಗೆ ಇದಕ್ಕಿಂತ ಒಳ್ಳೆ ರಜೆ ಬೇರೆ ಬೇಕಾ?