ಕೋಳಿಗೂಡಿನ ದೀಪ



ನಮ್ಮ ಬೀದಿಯ ಕೊನೆಯ ಮನೆಯಲ್ಲಿ ನಿವೃತ್ತರಾದ ಒಬ್ಬ ಸುಬೇದಾರರಿದ್ದಾರೆ. ಅವರ ಹಿತ್ತಲಿನಲ್ಲಿ ಹತ್ತು ಲೆಗ್‌ಹಾರ್ನ್ ಹೇಂಟೆಗಳೂ ಎರಡು ನಾಟಿ ಹೇಂಟೆಗಳೂ ಉಂಟು. ಮಾರ್ಗಶಿರ ಮಾಸದ ಒಂದು ಬೆಳಗ್ಗೆ ಅವರು ಇಂಗ್ಲಿಷ್ ಪತ್ರಿಕೆಯೊಂದನ್ನು ಹಿಡಿದು ನನ್ನಲ್ಲಿಗೆ ಬಂದರು. “ಏನು ಮೇಷ್ಟ್ರೇ, ಚಳಿಗಾಲದಲ್ಲಿ ಗೂಡಿನೊಳಗೆ ದೀಪ ಉರಿಸಿದರೆ ಕೋಳಿ ಹೆಚ್ಚು ಮೊಟ್ಟೆ ಇಡುತ್ತದೆಂದು ಬರೆದಿದ್ದಾರಲ್ಲ, ಇದು ದಿಟವೋ?” ಎಂದು ಕೇಳಿದರು. ಪ್ರಾಣಿಶಾಸ್ತ್ರವನ್ನು ಬೋಧಿಸುವವನಾದ ನಾನು ಪುಸ್ತಕವನ್ನು ತೆರೆದು ನೋಡುವಷ್ಟು ತಾಳ್ಮೆಯೂ ಇಲ್ಲದೆ, “ದಿಟವೇ ಸುಬೇದಾರರೇ. ದೀಪದ ಶಾಖದಿಂದ ಗೂಡು ಬೆಚ್ಚಗಿರುತ್ತದೆ, ಮೈ ಬೆಚ್ಚಗಿದ್ದರೆ ಕೋಳಿ ಮೊಟ್ಟೆಯಿಡುತ್ತದೆ” ಎಂದುಬಿಟ್ಟೆನು.

ಅವರು ಅಂದೇ ಗೂಡಿಗೆ ಎಲೆಕ್ಟ್ರಿಕ್ ದೀಪವನ್ನು ಹಾಕಿಸಿದರು. ಬೆಳಗಿನ ನಾಲ್ಕು ಗಂಟೆಗೆ ಹಚ್ಚುವುದು, ಸಂಜೆ ಎಂಟಕ್ಕೆ ಆರಿಸುವುದು. ಮೂರು ವಾರ ಕಳೆಯುವಷ್ಟರಲ್ಲಿ ಲೆಗ್‌ಹಾರ್ನ್ ಕೋಳಿಗಳ ಮೊಟ್ಟೆ ಹೆಚ್ಚಿತು. ಸಂಕ್ರಾಂತಿಗೆ ಅವರು ಮಗಳ ಊರಿಗೆ ಹೋಗಬೇಕಾಯಿತು. ವೃಥಾ ಖರ್ಚೇಕೆಂದು ದೀಪವನ್ನು ಆರಿಸಿ, ನನ್ನ ಮಾತನ್ನು ನೆನೆದು, ಗೂಡು ಬೆಚ್ಚಗಿರಲೆಂದು ಸುತ್ತಲೂ ಗೋಣಿತಾಟನ್ನು ಕಟ್ಟಿಸಿ ಹೊರಟರು. ಆಳು ಹುಡುಗನು ಕಾಳು ನೀರುಗಳನ್ನು ತಪ್ಪದೆ ಇಟ್ಟನು. ಆದರೂ ಹದಿನೈದು ದಿನಗಳ ಮೇಲೆ ಸುಬೇದಾರರು ಹಿಂತಿರುಗಿದಾಗ ಗೂಡಿನ ನೆಲದ ಮೇಲೆಲ್ಲ ಬಿಳಿಯ ಗರಿಗಳು. ಮೊಟ್ಟೆಯೋ ಒಂದೂ ಇಲ್ಲ. ಒಂದು ಹಿಡಿ ಗರಿಯನ್ನು ತಂದು ನನ್ನ ಮೇಜಿನ ಮೇಲೆ ಇಟ್ಟು, “ಗೂಡು ಬೆಚ್ಚಗೇ ಇತ್ತು ಮೇಷ್ಟ್ರೇ. ಮತ್ತೆ ಇದೇಕೆ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಹುಡುಕಿ ತಿಳಿದುಕೊಂಡುದನ್ನೇ ಈ ಹೊತ್ತು ತಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಹಗಲಿನ ಉದ್ದವನ್ನು ಕುರಿತು ಒಂದು ಮಾತು. ನಮ್ಮ ಮೈಸೂರು ಬೆಂಗಳೂರುಗಳಲ್ಲಿ ವರ್ಷದ ಅತಿ ಚಿಕ್ಕ ಹಗಲು ಸುಮಾರು ಹನ್ನೊಂದೂವರೆ ಗಂಟೆ. ಅತಿ ದೊಡ್ಡ ಹಗಲು ಹದಿಮೂರು ಗಂಟೆಗೆ ತುಸು ಕಡಿಮೆ. ಈ ಅಂತರವನ್ನು ನಾವು ಗಮನಿಸುವುದೇ ಅಪರೂಪ. ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಾದರೋ ಡಿಸೆಂಬರಿನ ಹಗಲು ಏಳೇ ಗಂಟೆ. ಜೂನಿನ ಹಗಲು ಹದಿನೇಳೂವರೆ ಗಂಟೆ. ಅಂತಹ ನಾಡುಗಳಲ್ಲಿ ಶರತ್ಕಾಲ ಬಂದೊಡನೆ ಕೋಳಿಗಳು ಹಳೆಯ ಗರಿಗಳನ್ನು ಉದುರಿಸಿ, ಮೊಟ್ಟೆಯನ್ನು ನಿಲ್ಲಿಸಿ, ವಸಂತ ಸಮೀಪಿಸಿದಾಗ ಮತ್ತೆ ಇಡತೊಡಗುವುವು. ಈ ಬಿಡುವನ್ನು ತಪ್ಪಿಸಲೆಂದೇ ಅಲ್ಲಿಯ ಕೋಳಿ ಸಾಕುವವರು ಗೂಡಿನಲ್ಲಿ ದೀಪವಿಡುವ ಪದ್ಧತಿಯನ್ನು ಹಿಡಿದರು.

ಚಳಿಯೂ ಚಿಕ್ಕ ಹಗಲೂ ಒಟ್ಟಿಗೇ ಬರುವುದರಿಂದ, ಮೊಟ್ಟೆ ನಿಲ್ಲುವುದಕ್ಕೆ ಚಳಿಯೇ ಕಾರಣವೆಂದು ತೋರುವುದು ಸಹಜ. ನಾನು ಎಡವಿದುದೂ ಅಲ್ಲಿಯೇ. ಇವೆರಡನ್ನೂ ಬೇರ್ಪಡಿಸಿ ತೋರಿಸಿದವರು ಕೆನಡಾ ದೇಶದ ಆಲ್ಬರ್ಟಾ ವಿಶ್ವವಿದ್ಯಾಲಯದ ವಿಲಿಯಂ ರೋವನ್ ಎಂಬ ಪ್ರಾಧ್ಯಾಪಕರು. ೧೯೨೪ರ ಶರತ್ಕಾಲದಲ್ಲಿ ಅವರು ಎಡ್ಮಂಟನ್ ನಗರದಲ್ಲಿ, ಗುಬ್ಬಿಯಷ್ಟೇ ಗಾತ್ರದ ಜಂಕೊ ಎಂಬ ಹಕ್ಕಿಗಳನ್ನು ಬಯಲಿನ ಪಂಜರಗಳಲ್ಲಿ ಇಟ್ಟರು. ಒಂದು ಪಂಜರದಲ್ಲಿ ಸಂಜೆಯ ಹೊತ್ತು ವಿದ್ಯುದ್ದೀಪವನ್ನು ಹಚ್ಚಿ, ದಿನದಿಂದ ದಿನಕ್ಕೆ ಕೆಲವು ನಿಮಿಷ ಹೆಚ್ಚಿಸುತ್ತ ಹೋದರು. ಇನ್ನೊಂದನ್ನು ಸೂರ್ಯನ ಬೆಳಕಿಗೇ ಬಿಟ್ಟರು. ಎರಡು ಪಂಜರಗಳಿಗೂ ಚಳಿ ಒಂದೇ. ನೀರನ್ನು ಕಲ್ಲಾಗಿಸುವ ಉಗ್ರವಾದ ಚಳಿ. ನಡುಚಳಿಗಾಲದಲ್ಲಿ ಪರೀಕ್ಷಿಸಿದಾಗ, ದೀಪವಿಲ್ಲದ ಗಂಡುಹಕ್ಕಿಗಳ ವೃಷಣಗಳು ಚಳಿಗಾಲದ ನಿಯಮದಂತೆ ಕುಗ್ಗಿದ್ದುವು. ದೀಪವಿದ್ದವುಗಳಲ್ಲಿ ವಸಂತದಲ್ಲಿ ಆಗುವಂತೆ ಬೆಳೆದು ನಿಂತಿದ್ದುವು. ೧೯೨೫ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಹಕ್ಕಿಯನ್ನು ಎಚ್ಚರಿಸಿದುದು ಶಾಖವಲ್ಲ, ಹಗಲಿನ ಉದ್ದ.

ಈ ಬೆಳಕನ್ನು ಹಕ್ಕಿ ಯಾವುದರಿಂದ ಅರಿಯುತ್ತದೆ? ಕಣ್ಣಿನಿಂದ ಎಂದು ಯಾರಾದರೂ ಹೇಳಿಯಾರು. ಫ್ರಾನ್ಸಿನ ಜಾಕ್ ಬೆನ್ವಾ ಎಂಬವರು ೧೯೩೦ರ ದಶಕದಲ್ಲಿ ಬಾತುಗಳ ಮೇಲೆ ನಡೆಸಿದ ಪ್ರಯೋಗಗಳು ಬೇರೆಯೇ ಒಂದು ಸಂಗತಿಯನ್ನು ಹೊರಗೆಡಹಿದುವು. ಕಣ್ಣುಗಳನ್ನು ಕಳೆದುಕೊಂಡ ಬಾತುಗಳಲ್ಲಿಯೂ ದೀರ್ಘವಾದ ಬೆಳಕಿನಿಂದ ಜನನಾಂಗಗಳು ಬೆಳೆದುವು. ಎಂದರೆ ಬೆಳಕು ತಲೆಬುರುಡೆಯನ್ನು ಹಾದು ಮಿದುಳನ್ನೇ ಮುಟ್ಟುತ್ತದೆ. ಇದು ನಂಬಲಾಗದ ಮಾತೆಂದು ತೋರಿದರೆ, ತಾವು ಕತ್ತಲೆಯಲ್ಲಿ ಟಾರ್ಚಿನ ಬಾಯಿಗೆ ಅಂಗೈಯನ್ನು ಒತ್ತಿ ನೋಡಬಹುದು. ಬೆರಳುಗಳ ಸಂದಿನ ಮಾಂಸವು ಕೆಂಪಗೆ ಬೆಳಗುತ್ತದೆ. ಕೋಳಿಯ ತಲೆಬುರುಡೆ ನಮ್ಮ ಕೈಗಿಂತ ತೆಳುವು. ಹೀಗೆ ಒಳಹೊಗುವುದರಲ್ಲಿ ನೀಲಿಯ ಬೆಳಕಿಗಿಂತ ಕೆಂಪು ಬೆಳಕು ಮುಂದು. ೨೦೧೦ರಲ್ಲಿ ಜಪಾನಿನ ನಗೋಯ ವಿಶ್ವವಿದ್ಯಾಲಯದ ವಿಜ್ಞಾನಿಗಳು, ಲಾವಕ್ಕಿಯ ಮಿದುಳಿನ ಆಳದಲ್ಲಿ ಬೆಳಕನ್ನು ಗ್ರಹಿಸುವ ಒಂದು ವಸ್ತುವನ್ನು ಗುರುತಿಸಿ ತೋರಿಸಿದರು.

ಅಲ್ಲಿಂದ ಮುಂದಿನ ಕ್ರಮ ಹೀಗೆ. ಬೆಳಕಿನ ಅವಧಿ ಸಾಕಷ್ಟು ದೀರ್ಘವಾಯಿತೆಂದು ಮಿದುಳು ಅರಿತೊಡನೆ, ಅದರ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಗೆ ಸೂಚನೆ ಹೋಗುತ್ತದೆ. ಆ ಗ್ರಂಥಿಯು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಅವು ಅಂಡಾಶಯವನ್ನು ಮುಟ್ಟಿ, ಅಲ್ಲಿಯ ಸಾಸುವೆ ಗಾತ್ರದ ಅಂಡಗಳಲ್ಲಿ ಹಳದಿಯನ್ನು ತುಂಬಿಸತೊಡಗುವುವು. ಒಂದೊಂದು ಹಳದಿಯೂ ಪೂರ್ಣವಾಗಿ ಬಲಿಯಲು ವಾರಕ್ಕೂ ಹೆಚ್ಚು ಕಾಲ ಬೇಕು. ಆದುದರಿಂದ ಇಂದು ದೀಪ ಹಚ್ಚಿ ನಾಳೆ ಮೊಟ್ಟೆಯನ್ನು ಬಯಸುವುದು ಸಲ್ಲದು. ಎರಡು ಮೂರು ವಾರ ಕಾಯಬೇಕು. ಬಲಿತ ಹಳದಿಯು ಅಂಡನಾಳಕ್ಕೆ ಇಳಿದ ಮೇಲೆ, ಬಿಳಿಯ ಲೋಳೆಯನ್ನೂ ಪೊರೆಯನ್ನೂ ಚಿಪ್ಪನ್ನೂ ಪಡೆದು ಹೊರಬರಲು ಇಪ್ಪತ್ತನಾಲ್ಕರಿಂದ ಇಪ್ಪತ್ತಾರು ಗಂಟೆ. ಇದರಲ್ಲಿ ಚಿಪ್ಪೊಂದಕ್ಕೇ ಸುಮಾರು ಇಪ್ಪತ್ತು ಗಂಟೆ.

ದೀಪದಿಂದ ಕೋಳಿಯ ಮೊಟ್ಟೆಯ ಬಂಡವಾಳವೆಲ್ಲ ಬೇಗನೆ ಮುಗಿದುಹೋಗುವುದೆಂದು ಕೆಲವರು ಅಂಜುವುದುಂಟು. ಆ ಅಂಜಿಕೆಗೆ ಕಾರಣವಿಲ್ಲ. ಹೇಂಟೆಮರಿಯು ಹುಟ್ಟುವಾಗಲೇ ಅದರ ಅಂಡಾಶಯದಲ್ಲಿ ಸಾವಿರಾರು ಅಂಡಗಳಿರುತ್ತವೆ. ಯಾವ ಕೋಳಿಯೂ ತನ್ನ ಜೀವಮಾನದಲ್ಲಿ ಅವನ್ನೆಲ್ಲ ಇಟ್ಟು ತೀರಿಸದು. ನಿಜವಾದ ವೆಚ್ಚ ಬೇರೆ ಕಡೆಯಿದೆ. ಒಂದು ಮೊಟ್ಟೆಯ ಚಿಪ್ಪಿನಲ್ಲಿ ಸುಮಾರು ಎರಡು ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಚಿಪ್ಪು ಕಟ್ಟುವ ಕೆಲಸ ಬಹುಮಟ್ಟಿಗೆ ರಾತ್ರಿಯಲ್ಲಿ, ಕೋಳಿ ಏನನ್ನೂ ತಿನ್ನದ ಹೊತ್ತಿನಲ್ಲಿ ನಡೆಯುವುದು. ಆಗ ಕೊರತೆ ಬಿದ್ದ ಸುಣ್ಣದ ಅಂಶವನ್ನು ಅದು ತನ್ನ ಎಲುಬಿನಿಂದಲೇ ತೆಗೆದುಕೊಡುತ್ತದೆ. ಮರುದಿನ ಆಹಾರದಿಂದ ಅದನ್ನು ತುಂಬಿಕೊಡದಿದ್ದರೆ ಚಿಪ್ಪು ತೆಳುವಾಗುತ್ತದೆ, ಎಲುಬು ಬಡವಾಗುತ್ತದೆ.

ಇಷ್ಟನ್ನು ತಿಳಿದಮೇಲೆ ದೀಪದ ಕೆಲಸವೇನೆಂಬುದು ಸ್ಪಷ್ಟವಾಗುವುದು. ದೀಪವು ಮೊಟ್ಟೆಯನ್ನು ಕೊಡುವುದಿಲ್ಲ. ಕೋಳಿಗೆ ತಿಥಿಯನ್ನು ತಿಳಿಸುತ್ತದೆ, ಅದೂ ಸುಳ್ಳು ತಿಥಿಯನ್ನು. ಕಾಡುಕೋಳಿಯು ವರ್ಷಕ್ಕೆ ಹತ್ತು ಹದಿನೈದು ಮೊಟ್ಟೆಗಳನ್ನು ಮಾತ್ರ, ಮರಿಗಳಿಗೆ ಹುಳುಹುಪ್ಪಟೆ ದೊರೆಯುವ ಕಾಲವನ್ನು ನೋಡಿಕೊಂಡು ಇಡುವುದು. ಹಗಲು ಬೆಳೆಯುತ್ತಿದೆಯೆಂದರೆ ಒಳ್ಳೆಯ ಕಾಲ ಮುಂದಿದೆಯೆಂದು ಅರ್ಥ. ಹಗಲು ಕುಗ್ಗಿತೆಂದರೆ ಮರಿ ಮಾಡುವ ಕೆಲಸವನ್ನು ಬಿಟ್ಟು ಹೊಸ ಗರಿಯನ್ನು ತೊಡಬೇಕೆಂದು ಅರ್ಥ. ನಾವು ಹಚ್ಚುವ ದೀಪವು “ಇದು ವಸಂತ, ಅಂಜದೆ ಇಡು” ಎನ್ನುತ್ತದೆ. ಹೇಂಟೆ ಆ ಮಾತನ್ನು ನಂಬಿ ತನ್ನ ಮೈಯಿಂದ ವೆಚ್ಚಮಾಡುತ್ತದೆ. ಸುಬೇದಾರರ ಹಿತ್ತಲಿನಲ್ಲಿ ಆದುದೂ ಇದೇ. ಹದಿನಾರು ಗಂಟೆಯ ಹಗಲು ಒಂದೇ ದಿನದಲ್ಲಿ ಹನ್ನೊಂದೂವರೆ ಗಂಟೆಗೆ ಇಳಿಯಿತು. ಗೋಣಿತಾಟು ಉಳಿದ ಬೆಳಕನ್ನೂ ತಡೆಯಿತು. ವಸಂತ ಮುಗಿಯಿತೆಂದು ತಿಳಿದು ಅವು ಗರಿ ಕಳಚಿದುವು.

ಹಾಗಾದರೆ ನಮ್ಮ ನಾಡಿನಲ್ಲಿ ದೀಪವು ಬೇಕೇ? ಹೆಚ್ಚು ಇಡುವುದಕ್ಕಾಗಿಯೇ ತಳಿ ಮಾಡಿದ ಕೋಳಿಗೆ ಹದಿನಾಲ್ಕರಿಂದ ಹದಿನಾರು ಗಂಟೆಗಳ ಬೆಳಕು ಹಿತ. ನಮ್ಮ ಬೇಸಿಗೆಯ ಹಗಲು ಸಹ ಅಷ್ಟು ಉದ್ದವಿಲ್ಲ. ಆದುದರಿಂದಲೇ ಇಲ್ಲಿಯ ದೊಡ್ಡ ಕೋಳಿಸಾಕಣೆಗಳಲ್ಲಿಯೂ ದೀಪದ ಏರ್ಪಾಡು ಉಂಟು. ನಾಟಿ ಹೇಂಟೆಯ ವಿಷಯ ಬೇರೆ. ಅದು ಒಂದು ಸರದಿ ಮೊಟ್ಟೆಯಿಟ್ಟು ಕಾವಿಗೆ ಕೂರುತ್ತದೆ. ಕೂತಮೇಲೆ ಮೊಟ್ಟೆ ನಿಲ್ಲುತ್ತದೆ. ಇದು ಹುಟ್ಟುಗುಣ, ಕತ್ತಲೆಯ ದೋಷವಲ್ಲ. ಸುಬೇದಾರರ ಎರಡು ನಾಟಿ ಹೇಂಟೆಗಳು ದೀಪದ ಕೆಳಗೂ ಕಾವಿಗೆ ಕೂತೇ ಇದ್ದುವು.

ದೀಪವಿಡಬೇಕೆನ್ನುವವರು ನೆನಪಿನಲ್ಲಿಡಬೇಕಾದ ಕೆಲವು ಸಂಗತಿಗಳಿವೆ. ಎಳೆಯ ಹೇಂಟೆಗಳಿಗೆ ಬೆಳೆಯುವ ವಯಸ್ಸಿನಲ್ಲಿ ಬೆಳಕನ್ನು ಹೆಚ್ಚಿಸಬಾರದು. ಮೈ ಬಲಿಯುವ ಮೊದಲೇ ಇಡತೊಡಗಿದರೆ ಮೊಟ್ಟೆ ಸಣ್ಣದಾಗುವುದು, ಅಂಡನಾಳವು ಹೊರಬೀಳುವ ಅಪಾಯವೂ ಉಂಟು. ನಾಲ್ಕು ತಿಂಗಳು ತುಂಬಿ ಮೈ ಕೂಡಿಕೊಂಡ ಮೇಲೆ ವಾರಕ್ಕೆ ಅರ್ಧ ಗಂಟೆಯಂತೆ ಏರಿಸುವುದು ಕ್ರಮ. ಬೆಳಕನ್ನು ಸಂಜೆಗಿಂತ ಮುಂಜಾವಿಗೆ ಸೇರಿಸುವುದು ಲೇಸು. ಸಂಜೆ ದೀಪವು ಥಟ್ಟನೆ ಆರಿದರೆ, ಕೋಳಿಗಳು ಅಡ್ಡಗೋಲನ್ನು ಹತ್ತಲಾರದೆ ನೆಲದ ಮೇಲೆಯೇ ತಡಕಾಡುವುವು. ಸೂರ್ಯನಾದರೋ ಮೆಲ್ಲನೆ ಮುಳುಗುತ್ತಾನೆ. ದೀಪವು ಪ್ರಖರವಾಗಿರಬೇಕಾಗಿಲ್ಲ. ಕೋಳಿಯ ತಲೆಯ ಮಟ್ಟದಲ್ಲಿ ಪತ್ರಿಕೆಯನ್ನು ಹಿಡಿದರೆ ಅಕ್ಷರಗಳು ಕಾಣುವಷ್ಟಿದ್ದರೆ ಸಾಕು. ರಾತ್ರಿ ಎಂಟು ಗಂಟೆಗಳ ಕಾಲವಾದರೂ ಪೂರ್ಣ ಕತ್ತಲೆಯಿರಬೇಕು. ಹುಲ್ಲು ಹೊಟ್ಟುಗಳಿರುವ ಗೂಡಿನಲ್ಲಿ ಸೀಮೆಎಣ್ಣೆಯ ಲಾಂದ್ರವನ್ನು ಇಡಲೇಬಾರದು. ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಿನಲ್ಲಿ ಸದಾ ಇಟ್ಟಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮೊಟ್ಟೆಯಿಡುವ ಕಾಲದಲ್ಲಿ ಬೆಳಕಿನ ಅವಧಿಯನ್ನು ಎಂದಿಗೂ ಇಳಿಸಬಾರದು. ಗಡಿಯಾರಕ್ಕೆ ಹೊಂದಿಸಿದ ಸ್ವಿಚ್ಚೊಂದಿದ್ದರೆ ಮರೆಯುವ ಭಯವಿಲ್ಲ.

ಇಷ್ಟು ಜವಾಬ್ದಾರಿಯನ್ನು ಹೊರಲಾರದವರು ದೀಪವನ್ನು ಹಚ್ಚದಿರುವುದೇ ಮೇಲು. ಕೆಲವು ತಿಂಗಳು ಮೊಟ್ಟೆ ಕಡಿಮೆಯಾದೀತು. ಆ ಬಿಡುವಿನಲ್ಲಿ ಕೋಳಿಯು ಹೊಸ ಗರಿಯನ್ನು ತೊಟ್ಟು, ಎಲುಬನ್ನು ಗಟ್ಟಿಮಾಡಿಕೊಂಡೀತು. ಹಚ್ಚಿದೆವೆಂದರೆ ಮಾತ್ರ, ನಾವು ಹೇಳಿದ ವಸಂತವನ್ನು ನಾವೇ ಕೊನೆಯವರೆಗೆ ನಡೆಸಿಕೊಡಬೇಕು.

ಇದನ್ನೆಲ್ಲ ತಿಳಿದುಕೊಂಡ ಮೇಲೆ ನಾನು ಸುಬೇದಾರರ ಮನೆಗೆ ಹೋಗಿ, ತಪ್ಪು ನನ್ನದೆಂದು ಒಪ್ಪಿಕೊಂಡೆನು. ಅವರು ನಕ್ಕು, “ಇರಲಿ ಬಿಡಿ ಮೇಷ್ಟ್ರೇ, ಅವೂ ರಜಾ ಹಾಕಿದುವು ಎಂದುಕೊಳ್ಳೋಣ” ಎಂದರು. ಹೊಸ ಗರಿಗಳು ಪೂರ್ತಿ ಬರುವವರೆಗೆ ಅವರು ದೀಪವನ್ನು ಹಚ್ಚಲಿಲ್ಲ. ಗೋಣಿತಾಟನ್ನು ಮಾತ್ರ ಅಂದೇ ಬಿಚ್ಚಿಸಿದರು.